ಬೆಳಕು ಸಾಲದು ಎನ್ನುತ್ತಿದ್ದವರು

ಕಳೆದ ತಿಂಗಳು ನಮ್ಮ ಕಾಲೇಜಿನ ಇತಿಹಾಸದ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರೂ ಅವರ ಪಾಠದ ಬಗ್ಗೆ, ಗಟ್ಟಿ ದನಿಯ ಬಗ್ಗೆ, ಸ್ಟಾಫ್ ರೂಮಿಗೆ ಅವರು ತರುತ್ತಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿಯ ಬಗ್ಗೆ ಮಾತಾಡಿದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು ಎರಡು ಮಾತು ಹೇಳಿ ಇಳಿದುಬಿಟ್ಟೆ. ಅವರ ಜೊತೆ ಎಲ್ಲರಿಗಿಂತ ಹೆಚ್ಚು ಹೊತ್ತು ಕಳೆದವಳು ನಾನು. ಆದರೆ ಅವರನ್ನು ನೆನೆದರೆ ನನಗೆ ಮೊದಲು ಬರುವುದು ಮುಖವಲ್ಲ, ಕಾರಿನ ಗಾಜಿನ ತುಂಬ ಉಕ್ಕಿದ ಬಿಳಿ ಬೆಳಕು. ಅದು ಶಾಲು, ಹಾರಗಳ ನಡುವೆ ಹೇಳುವ ಸಂಗತಿಯಾಗಿರಲಿಲ್ಲ.

ಈಗಲೂ ಸಂಜೆಯ ಬಸ್ಸಿನಲ್ಲಿ ಕೂತಾಗ ಎದುರಿನಿಂದ ದೊಡ್ಡ ಗಾಡಿ ಬಂದರೆ ನನ್ನ ಬಲಗಾಲು ತಾನೇ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ, ನನಗೆ ಗಾಡಿ ಓಡಿಸಲೂ ಬರುವುದಿಲ್ಲ. ಆದರೂ ಒತ್ತುತ್ತದೆ.

ನಾನು ಸಿದ್ದಾಪುರ ಕಡೆಯ ಮನ್ಮನೆಯವಳು. ಮದುವೆಯಾದ ಮೇಲೆ ಶಿರಸಿ; ಕೆಲಸ ಯಲ್ಲಾಪುರದ ಕಾಲೇಜಿನಲ್ಲಿ, ಅರ್ಥಶಾಸ್ತ್ರ. ಸೇರಿದ ಹೊಸತರಲ್ಲಿ ಬಸ್ಸಿಗೆ ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ನಿಲ್ದಾಣದ ಹತ್ತಿರ ಬೂದು ಬಣ್ಣದ ಹಳೆಯ ಕಾರೊಂದು ಬಂದು ನಿಂತಿತು. ಕಿಟಕಿಯಿಂದ ಮೇಡಂ ಕರೆದರು. "ಬರ್ರಿ, ಕೂಡ್ರಿ, ಬೆಲ್ಟ್ ಹಾಕ್ಕೋರಿ. ನನ್ನ ಗಾಡ್ಯಾಗ ದೇವರ ಫೋಟೋ ಇಲ್ಲ, ಇರೂದು ಬೆಲ್ಟ್ ಒಂದ." ಹಿಂದಿನ ಸೀಟಿನಲ್ಲಿ ಆಗಲೇ ನಮ್ಮ ಭೌತಶಾಸ್ತ್ರದ ಸರ್ ಕೂತಿದ್ದರು. ಅಂದಿನಿಂದ ಮುಂದಿನ ಸೀಟು ನನ್ನದಾಯಿತು. ವಾರ ಕಳೆಯುವಷ್ಟರಲ್ಲಿ ನಾನು 'ಮೇಡಂ' ಹೋಗಿ 'ತಂಗಿ' ಆಗಿದ್ದೆ.

ಅವರು ಬನವಾಸಿ ಕಡೆಯ ಕಾಳಿನ ವ್ಯಾಪಾರದ ಮನೆಯವರು. ಮದುವೆಯಾಗಿರಲಿಲ್ಲ, ಶಿರಸಿಯಲ್ಲಿ ಸಣ್ಣ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ನಲವತ್ತು ದಾಟಿದ ಮೇಲೆ ಕಾರು ಕಲಿತದ್ದು. ಕಲಿಯುತ್ತೇನೆಂದಾಗ ಅಣ್ಣತಮ್ಮಂದಿರು ಊಟದ ಪಂಕ್ತಿಯಲ್ಲಿ ಕೂತು ನಕ್ಕರಂತೆ. ಲೈಸೆನ್ಸ್ ಸಿಕ್ಕ ದಿನ ಅವರು ಕಾರು ತೆಗೆದುಕೊಂಡು ನೇರ ಅಣ್ಣನ ಅಂಗಡಿಗೆ ಹೋಗಿ, ಕಟ್ಟೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿ, ಇಳಿಯದೆ ಹಾರ್ನ್ ಹೊಡೆದು ವಾಪಸು ಬಂದರು. ಈ ಕತೆಯನ್ನು ಮಂಚಿಕೇರಿ ದಾಟುವಾಗ ಅದೆಷ್ಟು ಸಲ ಹೇಳಿದ್ದರೋ. ಪ್ರತಿ ಸಲವೂ ಹಾರ್ನಿನ ಸದ್ದು ಇನ್ನಷ್ಟು ಉದ್ದವಾಗುತ್ತಿತ್ತು. ಸ್ಟಿಯರಿಂಗ್ ಹಿಡಿದು ಕೂತಾಗ ಅವರ ಬೆನ್ನು ನೆಟ್ಟಗಿರುತ್ತಿತ್ತು. ತರಗತಿಯಲ್ಲೂ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ.

ಅವರ ಇನ್ನೊಂದು ಅಭ್ಯಾಸ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ವರಾಂಡದ ಆ ತುದಿಯಲ್ಲಿ ಯಾರು ಕಂಡರೂ ಇವರೇ ಮೊದಲು "ನಮಸ್ಕಾರ್ರೀ" ಎನ್ನುತ್ತಿದ್ದರು. ಪ್ರಾಂಶುಪಾಲರಿಗೂ, ಜವಾನನಿಗೂ, ಫೀಸು ಕಟ್ಟಲು ಬಂದ ಹುಡುಗರಿಗೂ ಒಂದೇ ದನಿ. ಎಷ್ಟು ದೊಡ್ಡ ಮನಸ್ಸು ಎಂದು ಜನ ಹೇಳುತ್ತಿದ್ದರು. ಒಮ್ಮೆ ಕಂಬಕ್ಕೆ ತೂಗುಹಾಕಿದ್ದ ಎನ್‌ಸಿಸಿ ಕೋಟಿಗೂ ನಮಸ್ಕಾರ ಬಿತ್ತು. ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರೂ ನಕ್ಕರು.

ಬಲ್ಬಿನ ವಿಷಯ ಶುರುವಾದದ್ದು ಅದೇ ವರ್ಷ. ಡಿಸೆಂಬರಿನಲ್ಲಿ ಕಾಲೇಜು ಬಿಟ್ಟು ಹೊರಟರೆ ಕಾಡಿನ ರಸ್ತೆಯಲ್ಲೇ ಕತ್ತಲಾಗುತ್ತಿತ್ತು. ಒಂದು ಸಂಜೆ ಮೇಡಂ, ಲೈಟು ಮಂದವಾಗಿದೆ, ಬಲ್ಬು ಹಳತಾಗಿರಬೇಕು ಎಂದರು. ನನಗೇನೂ ಹಾಗನ್ನಿಸಿರಲಿಲ್ಲ; ಆದರೆ ಓಡಿಸುವವರು ಅವರು. ಮರುದಿನ ಶಿರಸಿಯ ಆಟೋ ಎಲೆಕ್ಟ್ರಿಕ್ ಅಂಗಡಿಗೆ ಹೋದೆವು. ಅಂಗಡಿಯವ ಒಂದೇ ಬಲ್ಬು ತೆಗೆದರೆ ಮೇಡಂ ಬಿಡಲಿಲ್ಲ. ಒಂದು ಹೋದರೂ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಕಾರು ಮೆಳ್ಳಗಣ್ಣು ಬಿಟ್ಟಂತೆ ಕಾಣುತ್ತದೆ ಎಂದರು. ಗಾಜಿಗೆ ಬೆರಳು ತಾಗಿಸಬಾರದು, ಜಿಡ್ಡು ಹತ್ತಿದಲ್ಲಿ ಕಾದು ಬಿರಿಯುತ್ತದೆ ಎಂದು ಸರ್ ಹೇಳಿದ್ದರಿಂದ ಬಲ್ಬಿನ ಬುಡವನ್ನು ತಮ್ಮ ಕರವಸ್ತ್ರದಲ್ಲಿ ಹಿಡಿದು, ಎಳೆಗೂಸನ್ನು ಕೊಡುವ ಹಾಗೆ ಅಂಗಡಿಯವನ ಕೈಗಿಟ್ಟರು.

ಹೊಸ ಬಲ್ಬು ಹಾಕಿಸಿದ ಸಂಜೆ ಎಕ್ಕಂಬಿಯವರೆಗೆ ಹೋಗಿ ಬರುವುದು ಅವರೇ ಮಾಡಿಕೊಂಡ ಪದ್ಧತಿ. ಹೋಗುವಾಗ ಬೆಳಕಿನ ಪರೀಕ್ಷೆ, ಬರುವಾಗ ಎಲ್ಲಾದರೂ ನಿಲ್ಲಿಸಿ ಮಿರ್ಚಿ ಭಜಿ. ಆ ಸಲ ಅವರು ಭಜಿಯನ್ನು ಅರ್ಧಕ್ಕೇ ಬಿಟ್ಟರು. ಕೊನೆಗೆ, ಪರವಾಗಿಲ್ಲ, ಆದರೆ ಸಾಲದು ಎಂದರು.

ಮಳೆಗಾಲಕ್ಕೆ ಮುಂಚೆ ಇನ್ನೂ ಹೆಚ್ಚು ವ್ಯಾಟಿನ ಬಲ್ಬು ಬಂತು. ಅಂಗಡಿಯವ, ಇದಕ್ಕೆ ವೈರೂ ದಪ್ಪದ್ದು ಬೇಕು, ಇಲ್ಲದಿದ್ದರೆ ಹೋಲ್ಡರ್ ಕರಗುತ್ತದೆ ಎಂದ. ವೈರ್ ಹಾಕಿಸಿದರು. ದೀಪದ ಮುಂದಿನ ಪ್ಲಾಸ್ಟಿಕ್ಕು ಮಬ್ಬಾಗಿದೆ ಎಂದು ಅದನ್ನು ಉಜ್ಜಿಸಿದರು. ವೈಪರ್ ಬದಲಿಸಿದರು. ಎದುರಿನ ಗಾಡಿಗಳ ದೀಪದ ಸುತ್ತ ಸೇವಂತಿಗೆ ಅರಳಿದಂತೆ ಕಾಣುತ್ತದೆ, ಈಗಿನವರು ಎಂಥ ಲೈಟು ಹಾಕಿಸುತ್ತಾರೋ ಎಂದು ಬೈದರು. ಸರ್ ಅದಕ್ಕೆ ಮುಂದಿನ ಗಾಜಿನ ಮೇಲಿನ ಗೀರುಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂದು ವಿವರಿಸಿದರು. ಮೇಡಂ ಗಾಜನ್ನೇ ಬದಲಿಸಿದರು. ಬಲ್ಬು, ಗಾಜು, ವೈರು ಎಲ್ಲ ಹೊಸದಾದವು. ಕತ್ತಲೆ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಎಲ್‌ಇಡಿಗೆ ಬಂದರು. ಇದರ ಬಗ್ಗೆ ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ಒಂದು ವಾರ ಜಗಳ ನಡೆಯಿತು. ನಮ್ಮ ಘಾಟಿಯ ಮಂಜಿಗೆ ಹಳದಿ ಬೆಳಕೇ ಒಳ್ಳೆಯದು, ಬಿಳಿಯದು ಹೆಚ್ಚಾದಷ್ಟೂ ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ ಎಂದು ಸರ್ ವಾದಿಸಿದರು. ಅಲ್ಲದೆ ಹಳೆಯ ದೀಪದ ಬಟ್ಟಲು ಹಳೆಯ ಬಲ್ಬಿನ ಅಳತೆಗೆ ಮಾಡಿದ್ದು. ಅದರೊಳಗೆ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಗೆ ಬೀಳುವ ಬದಲು ಮೇಲಕ್ಕೆ ಚೆಲ್ಲುತ್ತದೆ ಎಂದರು.

"ಸರ, ನಿಮ್ಮ ಪಾಠ ಪಿರಿಯಡ್ಡಿನ್ಯಾಗ ಇರಲಿ," ಎಂದರು ಮೇಡಂ. "ಬಿಳೀದು ಅಂದ್ರ ಹಗಲು ಇದ್ದಂಗ. ನನಗ ಹಗಲು ಬೇಕು."

ಹಾಕಿಸಿದ ಸಂಜೆ ಎಕ್ಕಂಬಿ ರಸ್ತೆ ನಿಜಕ್ಕೂ ಹಗಲಾಯಿತು. ಮರದ ತೊಗಟೆಯ ಸೀಳುಗಳೂ ಕಾಣುತ್ತಿದ್ದವು. ವಾದ ಮಾಡಿದ ಸರ್ ಕೂಡ ಹಿಂದಿನಿಂದ ಬಗ್ಗಿ ನನ್ನ ಕಿವಿಯ ಹತ್ತಿರ ನಮ್ಮಿಬ್ಬರ ಮನೆಮಾತಿನಲ್ಲಿ, "ಚೊಲೋ ಇದ್ದಲೇ," ಎಂದರು. ಮೇಡಂ ಅವತ್ತು ಎರಡು ಪ್ಲೇಟು ಭಜಿ ಹೇಳಿದರು.

ಆ ಘಾಟಿಯ ಸಂಜೆ ಬಂದದ್ದು ಇದಾಗಿ ಸ್ವಲ್ಪ ದಿನಕ್ಕೆ. ನಮ್ಮ ಕಾಲೇಜಿನ ಗುಮಾಸ್ತರ ಮಗಳ ಮದುವೆಯ ಆರತಕ್ಷತೆ ಅಂಕೋಲೆಯಲ್ಲಿತ್ತು. ಬೇಗ ಊಟ ಮುಗಿಸಿ ಹೊರಟೆವು. ಅರಬೈಲ್ ಘಾಟಿಯ ಬುಡಕ್ಕೆ ಬರುವಾಗ ಬೆಳಕು ಇನ್ನೂ ಚೂರು ಇತ್ತು. ಅರ್ಧ ಏರುವಷ್ಟರಲ್ಲಿ ಅದೂ ಹೋಯಿತು, ಮೇಲಿಂದ ದಟ್ಟ ಮಂಜಿನ ಕಾವಳ ಇಳಿಯತೊಡಗಿತು. ಆ ದಾರಿಯಲ್ಲಿ ಕರಾವಳಿಗೆ ಹೋಗುವ ಲಾರಿ, ಟ್ಯಾಂಕರುಗಳು ಸಾಲುಸಾಲಾಗಿ ಇಳಿಯುತ್ತವೆ. ಹಿಂದಿನ ಸೀಟಿನಲ್ಲಿ ಸರ್ ತೂಕಡಿಸುತ್ತಿದ್ದರು. ಮೇಡಂ ರೇಡಿಯೋ ಆರಿಸಿದರು. ಯಾವತ್ತೂ ಆರಿಸಿದವರಲ್ಲ.

ಘಾಟಿಯಲ್ಲಿ ದೀಪಕ್ಕೊಂದು ಭಾಷೆಯಿದೆ. ಎದುರಿನವರ ಬೆಳಕು ಕಣ್ಣಿಗೆ ಹೊಡೆದರೆ ನಮ್ಮ ದೀಪವನ್ನು ಒಮ್ಮೆ ಮಿಟುಕಿಸಬೇಕು; ಇಳಿಸು ಎಂದರ್ಥ. ಅವರು ಡಿಮ್ ಮಾಡುತ್ತಾರೆ. ಮಾಡದಿದ್ದರೆ ಇನ್ನೊಮ್ಮೆ. ಆಗಲೂ ಕೇಳದಿದ್ದರೆ ಕೆಲವು ಲಾರಿಯವರು ಸಿಟ್ಟಿಗೆದ್ದು ತಮ್ಮಲ್ಲಿರುವ ಬೆಳಕನ್ನೆಲ್ಲ ಬಿಡುತ್ತಾರೆ.

ಎಡಕ್ಕೆ ಕಣಿವೆ ಇದ್ದ ಒಂದು ತಿರುವಿನಲ್ಲಿ ಮೇಲಿನಿಂದ ಲಾರಿ ಬಂತು. ಒಮ್ಮೆ ಮಿಟುಕಿಸಿತು. ಮೇಡಂ ಆಗಲೇ ಡಿಮ್ಮಿನಲ್ಲಿದ್ದರು. ಸ್ಟಿಯರಿಂಗಿನ ಪಕ್ಕದ ಕಡ್ಡಿ ಕೆಳಗಿದ್ದದ್ದನ್ನು ನಾನು ನೋಡಿದ್ದೇನೆ. ಲಾರಿ ಮತ್ತೆ ಮಿಟುಕಿಸಿತು. "ಇಳಿಸೇನಲ್ಲೋ ಮಾರಾಯ," ಎಂದು ಮೇಡಂ ಗೊಣಗಿದರು. ಇಳಿಸಲು ಇನ್ನೇನೂ ಉಳಿದಿರಲಿಲ್ಲ. ಆಗ ಲಾರಿಯ ತಲೆಯ ಮೇಲಿನ ಸಾಲು ದೀಪಗಳು ಒಟ್ಟಿಗೇ ಹತ್ತಿದವು.

ಗಾಜಿನ ತುಂಬ ಬಿಳಿ. ಕಾವಳವೂ ಬಿಳಿ, ನಮ್ಮ ಬೆಳಕೂ ಬಿಳಿ, ಅವನದೂ ಬಿಳಿ. ನಾನು ಕೈ ಅಡ್ಡ ಹಿಡಿದು ಎಡಗಡೆ ಕೆಳಕ್ಕೆ ನೋಡಿದೆ. ರಸ್ತೆಯಂಚಿನ ಬಿಳಿ ಪಟ್ಟಿ ನನ್ನ ಬಾಗಿಲಿನ ಅಡಿಗೆ ಸರಿದು ಮಾಯವಾಗುತ್ತಿತ್ತು. ಅದರಾಚೆ ಒಂದು ತಡೆಕಲ್ಲು, ಆಮೇಲೆ ಕಲ್ಲಿರಬೇಕಾದಲ್ಲಿ ಬರೀ ಹುಲ್ಲು. ಆಗ ಮೇಡಂ ಮಾತಾಡಿದರು. ಕೂಗಲಿಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವಷ್ಟು ಸಣ್ಣ ದನಿ.

"ತಂಗಿ, ರಸ್ತಾ ಎಲ್ಲೈತಿ?"

ಈ ಪ್ರಶ್ನೆಯನ್ನು ನಾನು ಇಂದಿಗೂ ಕೇಳಿಸಿಕೊಳ್ಳುತ್ತಿರುತ್ತೇನೆ. ಪಾತ್ರೆ ತೊಳೆಯುವಾಗ, ಬೋರ್ಡಿನ ಮೇಲೆ ಬರೆಯುವಾಗ. ಎಡಕ್ಕೆ ಹೋಗಿ ಎಂದರೆ ಕಣಿವೆ. ಬಲಕ್ಕೆ ಎಂದರೆ ಲಾರಿ. ನಾನು "ನಿಲ್ಸಿ" ಎಂದೆನಂತೆ. ಎಂದದ್ದು ನೆನಪಿಲ್ಲ, ಮೇಡಂ ಆಮೇಲೆ ಹೇಳಿದ್ದು. ಮೇಡಂ ಬ್ರೇಕ್ ತುಳಿದರು, ಎಂಜಿನ್ ಜರ್ಕ್ ಹೊಡೆದು ನಿಂತಿತು. ಲಾರಿಯ ಪಕ್ಕೆ ನಮ್ಮ ಬಲಗಡೆ ಗೋಡೆಯಂತೆ ಸರಿಯಿತು. ಬಿಸಿ ಗಾಳಿ, ಸುಟ್ಟ ಬ್ರೇಕಿನ ವಾಸನೆ, ಟಪ್ಪೆಂದು ಒಂದು ಸದ್ದು. ನಮ್ಮ ಬಲಗಡೆಯ ಕನ್ನಡಿ ಹೋಗಿತ್ತು. ಲಾರಿ ನಿಲ್ಲಲಿಲ್ಲ.

"ಎಂತ ಆತು?" ಎಂದು ಸರ್ ಎಚ್ಚರಾದರು.

ನಮ್ಮ ದೀಪಗಳು ಕಾವಳದೊಳಗೆ ಹಾಗೇ ಉರಿಯುತ್ತಿದ್ದವು. ನನ್ನ ಕಡೆಯ ಬಾಗಿಲು ತೆರೆಯಲು ಹೋದೆ. ಕಾಲಿಡಲು ನೆಲ ಸಾಕಷ್ಟು ಇರಲಿಲ್ಲ. ಮೆಲ್ಲಗೆ ಮುಚ್ಚಿಕೊಂಡೆ. ಸರ್ ತಮ್ಮ ಬಾಗಿಲಿನಿಂದ ಇಳಿದು, ಸುತ್ತು ಬಂದು, ಬಾನೆಟ್ಟಿನ ಪಕ್ಕದಿಂದ ಬಗ್ಗಿ, ನನ್ನ ಕಿಟಕಿಯ ಕೆಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರು. ಅವರ ಮುಖ ನೋಡಿ ನಾನು ಕೆಳಗೆ ನೋಡಲಿಲ್ಲ. "ಹೆದ್ರಡ, ಎಂತೂ ಇಲ್ಲೆ," ಎಂದರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಅಲ್ಲಿಂದ ಮೇಲೆ ಸರ್ ಓಡಿಸಿದರು. ಮೇಡಂ ಕೇಳುವ ಮೊದಲೇ ಕೀಲಿ ಕೊಟ್ಟು ಹಿಂದೆ ಕೂತರು. ಯಲ್ಲಾಪುರದ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿ ಚಹಾ ಹೇಳಿದೆವು. ಅವನು ನೋಡಿ ತಪ್ಪಿಸಿದ, ಪಳಗಿದ ಕೈ, ಇಲ್ಲದಿದ್ದರೆ ಕತೆ ಮುಗಿದಿತ್ತು ಎಂದು ಸರ್ ಮತ್ತೆ ಮತ್ತೆ ಹೇಳಿದರು. ನಾನು ತಲೆಯಾಡಿಸಿದೆ. ಆ ಮಾತು ನನಗೆ ಬೇಕಿತ್ತು. ಮುಂದೆ ಮಲಗಿದಾಗಲೆಲ್ಲ ಆ ಬಿಳಿ ಬಂದು ಕವಿಯುವಾಗ ನಾನು ಹಿಡಿದುಕೊಳ್ಳುತ್ತಿದ್ದದ್ದು ಅದೊಂದನ್ನೇ. ಮೇಡಂಗೆ ಕಾಣಲಿಲ್ಲ, ಸರಿ. ಆದರೆ ಎದುರಿನವನಿಗೆ ಕಂಡಿತ್ತು. ಅವನು ನೋಡಿ, ಅಳೆದು, ಗೇಣಿನಷ್ಟು ಪಕ್ಕಕ್ಕೆ ತಿರುಗಿಸಿ ನಮ್ಮನ್ನು ಉಳಿಸಿದ.

ಚಹಾ ತಣ್ಣಗಾಗುವವರೆಗೆ ಮೇಡಂ ಮುಟ್ಟಲಿಲ್ಲ. ಆಮೇಲೆ ಕಣ್ಣಲ್ಲಿ ಪೊರೆ ಬಂದಿದೆ ಎಂದರು. ಎರಡೂ ಕಣ್ಣಲ್ಲಿ. ಹುಬ್ಬಳ್ಳಿಯ ಡಾಕ್ಟರು ಹಿಂದೆಯೇ ಹೇಳಿದ್ದರಂತೆ, ಸಂಜೆ ಮೇಲೆ ಗಾಡಿ ಮುಟ್ಟಬೇಡಿ, ಬೇಗ ಆಪರೇಶನ್ ಮಾಡಿಸಿ ಎಂದು.

ಸರ್ ಕೇಳಿದರು, "ಮೇಡಮ್ರೆ, ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮನೇಲಿ ನಂಗೆ ಸಣ್ಣ ಮಕ್ಕಳಿದ್ದಾರೆ."

"ಅದೂ ಗೊತ್ತೈತ್ರಿ, ಸರ," ಎಂದರು ಮೇಡಂ. ಅವರ ದನಿ ಆಗಲೂ ಏರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಆದರೆ ನನ್ನನ್ನು ನೋಡದೆ ಹೇಳಿದರು. "ನಮ್ಮವ್ವ ಆಪರೇಶನ್ ಮಾಡಿಸ್ಕೊಂಡ ಬಂದಳು. ಕೀವು ಆತು. ಆಮ್ಯಾಲ ಸಾಯೂತನಕ ಗ್ವಾಡಿ ಹಿಡಕೊಂಡ ಅಡ್ಡಾಡಿದಳು, ತಂಗಿ. ನನಗ ಯಾರ ಗ್ವಾಡಿ ಐತಿ? ಬಲ್ಬು ಹೋದ್ರ ಮತ್ತೊಂದು ಸಿಗತೈತಿ ಅಂತ ಬಲ್ಬು ಹಾಕಿಸ್ಕೋತ ಹ್ವಾದೆ."

ಆ ರಾತ್ರಿ ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಬಂದಿಲ್ಲ. ಅಷ್ಟು ಸಮಯ ನಮ್ಮ ಮೂವರ ಜೀವವನ್ನು ಅವರು ಒಂದು ಬಲ್ಬಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ಬಂದಿದ್ದರು. ಆದರೆ ಗೋಡೆ ಹಿಡಿದು ನಡೆಯುವ ಮುದುಕಿಯೊಬ್ಬಳು ನಾನು ಕಣ್ಣು ಮುಚ್ಚಿದಾಗ ಬಂದು ನಿಲ್ಲುತ್ತಿದ್ದಳು. ಅವಳನ್ನು ನಾನು ಕಂಡೇ ಇರಲಿಲ್ಲ. ಅವಳೆದುರು ಸಿಟ್ಟು ಗಟ್ಟಿಯಾಗಿ ಉಳಿಯುತ್ತಿರಲಿಲ್ಲ.

ಮರುದಿನದಿಂದ ಸರ್ ಬಸ್ಸಿಗೆ ಹೋಗತೊಡಗಿದರು. ನಾನೂ. ಮೇಡಂ ಕೂಡ ಅದೇ ಬಸ್ಸಿಗೆ ಬರುತ್ತಿದ್ದರು, ಎರಡು ಸೀಟು ಹಿಂದೆ. ಮೂವರೂ ಒಬ್ಬರಿಗೊಬ್ಬರು ತಲೆ ಆಡಿಸಿ ಕೂರುತ್ತಿದ್ದೆವು. ಹದಿನೈದು ದಿನ ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ಸರ್ ಎದ್ದುಹೋಗಿ ಅವರ ಪಕ್ಕ ಕೂತರು. ಹುಬ್ಬಳ್ಳಿಗೆ ಯಾವತ್ತು ಹೋಗುವುದು, ನಾನೇ ಗಾಡಿ ಓಡಿಸುತ್ತೇನೆ, ಮಧ್ಯಾಹ್ನದೊಳಗೆ ಮುಟ್ಟಬೇಕು ಎಂದರು. ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡರು; ಮುಂದಿನ ವಾರ ಮೂವರೂ ಹುಬ್ಬಳ್ಳಿಗೆ ಹೋದೆವು. ಆಪರೇಶನ್ನಿನ ಕೋಣೆಗೆ ಹೋಗುವಾಗ ನನ್ನ ಕೈ ಎಷ್ಟು ಗಟ್ಟಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತಾಯಿತು. ಘಾಟಿಯಲ್ಲಿ ಇಲ್ಲದ ಹೆದರಿಕೆ ಅಲ್ಲಿತ್ತು. ಆಪರೇಶನ್ ಚೆನ್ನಾಗಿಯೇ ಆಯಿತು. ಮುಂದೆ ಎರಡನೆಯ ಕಣ್ಣಿನದೂ ಆಯಿತು. ಆಮೇಲೆ ಅವರು ಹಗಲಿನಲ್ಲಿ ಮಾತ್ರ ಕಾರು ಓಡಿಸಿದರು, ನಿವೃತ್ತಿಯ ದಿನದವರೆಗೂ. ವರಾಂಡದಲ್ಲಿ ನಮಸ್ಕಾರಗಳು ಕಡಿಮೆಯಾದವು. ಮೇಡಂಗೆ ಈಗ ಸೊಕ್ಕು ಬಂದಿದೆ ಎಂದು ಕೆಲವರು ಆಡಿಕೊಂಡರು.

ಮೊದಲ ಕಣ್ಣಿನ ಆಪರೇಶನ್ ಆಗಿ ಸ್ವಲ್ಪ ದಿನದ ಮೇಲಿನ ಮಾತು. ಒಂದು ಸಂಜೆ ಮನೆಗೆ ಕರೆದರು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ಅಂಗಳದಲ್ಲಿ ಕಾರು ಅವರ ಕಡೆ ಮುಖ ಮಾಡಿ ನಿಂತಿತ್ತು. ಕನ್ನಡಿ ಇನ್ನೂ ಹಾಕಿಸಿರಲಿಲ್ಲ. ನನ್ನ ಕೈಗೆ ಕೀಲಿ ಕೊಟ್ಟು, ಒಳಗೆ ಕೂತು ಲೈಟು ಹಚ್ಚು ಎಂದರು. ಮುಸ್ಸಂಜೆ ಕಳೆದು ಕಪ್ಪಾಗಿತ್ತು. ಏಕೆಂದು ಕೇಳಿದೆ. ಒಮ್ಮೆ ಎದುರಿನಿಂದ ನೋಡಬೇಕು ಎನ್ನುತ್ತಾ ಜಗಲಿಯ ಮೇಲೆ ಎದ್ದು ನಿಂತರು.

ಮೊದಲ ಸಲ ಆ ಸ್ಟಿಯರಿಂಗಿನ ಹಿಂದೆ ಕೂತು ಸ್ವಿಚ್ಚು ತಿರುಗಿಸಿದೆ. ಜಗಲಿ, ಬಾಗಿಲು, ಮೇಡಂ, ಎಲ್ಲ ಒಮ್ಮೆಲೇ ಬೆಳ್ಳಗಾದವು. ಅವರು ಕನ್ನಡಕ ತೆಗೆದು, ಹೊಸ ಕಣ್ಣು ತೆರೆದು, ತಕ್ಷಣ ತೋಳು ಅಡ್ಡ ಹಿಡಿದರು.

"ಇದು ಮ್ಯಾಲಿಂದೋ, ಡಿಮ್ಮೋ?"

"ಡಿಮ್ಮೇ, ಮೇಡಂ."

ಅವರು ತೋಳು ಸರಿಸಿ, ಬಗ್ಗಿ, ನೆಟ್ಟಗಾಗಿ, ಮತ್ತೆ ನೋಡಿದರು. ಲಾರಿಯವನು ಇಷ್ಟೇ ಎತ್ತರದಲ್ಲಿ ಕೂತಿರುತ್ತಾನೆ ಎಂದು ತಮಗೆ ತಾವೇ ಹೇಳಿಕೊಂಡರು. ಅದಕ್ಕೇ ಜಗಲಿಯ ಮೇಲೆ ನಿಂತಿದ್ದರೆಂದು ನನಗೆ ಆಗ ಗೊತ್ತಾಯಿತು. ನಾನು ಒಳಗೆ ಎಲ್ಲಿ ಕೂತಿದ್ದೇನೆಂದು ಕೇಳಿದರು. ಅವರಿಂದ ಏಳೆಂಟು ಹೆಜ್ಜೆ ದೂರದಲ್ಲಿ, ಗಾಜಿನ ಹಿಂದೆ, ನಾನು ಕೈ ಬೀಸಿದೆ.

"ಕೈ ಹೋಗಲಿ, ಕಾರ ಕಾಣವಲ್ದು," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ತಂಗಿ, ಆಂವ ನಮ್ಮನ್ನ ನೋಡೇ ಇಲ್ಲ," ಎಂದರು.

ಹೇಳುತ್ತಲೇ ಜಗಲಿಯ ಅಂಚನ್ನು ತಡವಿಕೊಂಡು ಕೂತರು. ಎರಡೂ ಕೈಯಲ್ಲಿ ಆ ಅಂಚನ್ನೇ ಬಿಗಿಯಾಗಿ ಹಿಡಿದುಕೊಂಡರು. ಅಷ್ಟು ದಿನ ತಡೆದಿದ್ದ ಘಾಟಿಯ ಹೆದರಿಕೆ ಅವರಿಗೆ ಬಂದದ್ದು ಆಗ. ಇಳಿದು ಹೋಗಿ ಅವರನ್ನು ಹಿಡಿದುಕೊಳ್ಳಬೇಕೆಂದುಕೊಂಡೆ. ಆಗಲಿಲ್ಲ. ನಾನು ರಾತ್ರಿಗಳಲ್ಲಿ ಆತುಕೊಂಡಿದ್ದ ಆ ಲಾರಿಯವನು, ನೋಡಿ, ಅಳೆದು, ತಿರುಗಿಸಿದವನು, ನನ್ನ ಕಣ್ಣೆದುರೇ ಇಲ್ಲವಾಗುತ್ತಿದ್ದ. ಅವನೂ ಬಿಳಿಯೊಳಗೆ ಕುರುಡಾಗಿಯೇ ಇಳಿದಿದ್ದ. ಆ ತಿರುವಿನಲ್ಲಿ ಸ್ವಲ್ಪವಾದರೂ ಕಾಣುತ್ತಿದ್ದದ್ದು ನನಗೊಬ್ಬಳಿಗೆ, ಮತ್ತು ನನ್ನ ಕೈಯಲ್ಲಿ ಏನೂ ಇರಲಿಲ್ಲ.